ಡಾರ್ಕ್‌ರೂಮಿಗೆ ರೇಡಿಯಂ ಪೇಂಟ್ ಬಳಿದ ಮೇಲೆ ಪ್ರಿಂಟ್ ಮಬ್ಬಾಗುತ್ತಿದ್ದರೆ

ತುಮಕೂರಿನ ನಮ್ಮ ಮನೆಯ ಹಿತ್ತಿಲ ಕಡೆಯ ಬಚ್ಚಲುಮನೆಯೇ ಫೋಟೋ ಪ್ರಿಂಟ್ ತೆಗೆಯಲು ಕತ್ತಲು ಮಾಡಿಕೊಂಡ ನನ್ನ ಡಾರ್ಕ್‌ರೂಮ್. ಆರು ಅಡಿ ಉದ್ದ, ಐದು ಅಡಿ ಅಗಲ. ಮೂಲೆಯಲ್ಲಿ ನೆಗೆಟಿವ್ ಚಿತ್ರವನ್ನು ಪೇಪರಿನ ಮೇಲೆ ದೊಡ್ಡದಾಗಿ ಬೀಳಿಸುವ ಎನ್‌ಲಾರ್ಜರ್, ಹಲಗೆಯ ಮೇಲೆ ಮೂರು ಟ್ರೇ, ಕೆಳಗೆ ಒಂದು ಬಕೆಟ್. ಒಂದು ದಿನ ಕತ್ತಲಲ್ಲಿ ಆ ಬಕೆಟ್ ಎಡವಿ ಹಲಗೆ ಹಿಡಿದುಕೊಂಡೆ. ಪೇಪರಿನ ಮೇಲೆ ಚಿತ್ರ ಮೂಡಿಸುವ ದ್ರಾವಣ, ಡೆವಲಪರ್, ಒಂದು ಲೀಟರ್ ನೆಲದ ಪಾಲಾಯಿತು. ಮರುದಿನವೇ ಮಂಡಿಪೇಟೆ ಕಡೆ ಹೋಗಿ ಕತ್ತಲಲ್ಲಿ ಹೊಳೆಯುವ ಪೇಂಟಿನ ಚಿಕ್ಕ ಡಬ್ಬಿ ತಂದೆ. ಚಿಲಕ, ಹಲಗೆಯ ಅಂಚು, ಟೈಮರಿನ ಗುಂಡಿ, ಎನ್‌ಲಾರ್ಜರಿನ ತಲೆ, ಎಲ್ಲಕ್ಕೂ ಬೆರಳಗಲ ಪಟ್ಟಿ ಬಳಿದೆ. ಕೋಣೆ ನೋಡಲು ಚೆನ್ನಾಗಿತ್ತು. ಮುಂದಿನ ಭಾನುವಾರ ದೇವರಾಯನದುರ್ಗದ ಬಂಡೆಗಳ ಪ್ರಿಂಟ್ ತೆಗೆದರೆ ಆಕಾಶ ಬೂದು, ಬಂಡೆ ಬೂದು, ಮಂಟಪದ ಸುಣ್ಣದ ಗೋಡೆಯೂ ಬೂದು.

ಕಾರಣ ಹಿಡಿಯಲು ಮೂರು ಭಾನುವಾರ ಬೇಕಾಯಿತು. ಒಂದು ಪ್ಯಾಕೆಟ್ ಪೇಪರ್ ಹಾಳಾಯಿತು. ಈಗ ಆ ಪೇಪರಿನ ಬೆಲೆ ಗೊತ್ತಿರುವವರಿಗೆ ಅದರ ನೋವೂ ಗೊತ್ತು. ಹುಡುಕುವ ಕ್ರಮ ಮೊದಲೇ ತಿಳಿದಿದ್ದರೆ ಒಂದು ಸಂಜೆ ಸಾಕಿತ್ತು. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಖರ್ಚಿಲ್ಲದ ಪರೀಕ್ಷೆ ಮೊದಲು, ಪೇಪರ್ ತಿನ್ನುವ ಪರೀಕ್ಷೆ ಆಮೇಲೆ.

ಶುರು ಮಾಡುವ ಮೊದಲು ಒಂದು ಮಾತು. ನಮ್ಮ ಕಡೆ ಹೊಳೆಯುವುದಕ್ಕೆಲ್ಲ ರೇಡಿಯಂ ಎಂದೇ ಹೆಸರು. ಲಾರಿಯ ಹಿಂದೆ ಅಂಟಿಸುವುದೂ ರೇಡಿಯಂ, ಮಕ್ಕಳ ಕೋಣೆಯ ನಕ್ಷತ್ರದ ಸ್ಟಿಕ್ಕರ್ ಕೂಡ ರೇಡಿಯಂ. ಆದರೆ ಲಾರಿಯ ಸ್ಟಿಕ್ಕರ್ ಬಿದ್ದ ಬೆಳಕನ್ನು ತಿರುಗಿಸಿ ಕಳಿಸುತ್ತದೆ ಅಷ್ಟೆ. ದೀಪ ಆರಿದರೆ ಅದೂ ಆರಿತು. ಡಾರ್ಕ್‌ರೂಮಿನಲ್ಲಿ ಅದರಿಂದ ತೊಂದರೆಯಿಲ್ಲ, ಪ್ರಯೋಜನವೂ ಇಲ್ಲ. ನಾವು ಮಾತಾಡುತ್ತಿರುವುದು ಬೆಳಕನ್ನು ಕುಡಿದಿಟ್ಟುಕೊಂಡು ಆಮೇಲೆ ನಿಧಾನವಾಗಿ ಬಿಡುವ ಪೇಂಟಿನ ಬಗ್ಗೆ. ಈಗ ಅಂಗಡಿಯಲ್ಲಿ ಸಿಗುವ ಅಂಥ ಪೇಂಟಿನಲ್ಲಿ ರೇಡಿಯಂ ಇರುವುದಿಲ್ಲ. ನಿಜವಾದ ರೇಡಿಯಂ ಇದ್ದ ಹಳೆಯ ಗಡಿಯಾರಗಳ ವಿಷಯ ಬೇರೆ, ಅದು ಕೆಳಗೆ ಬರುತ್ತದೆ.

ಪೇಪರಿನ ಅಂಚಿನವರೆಗೂ ಬೂದು

ಪೇಪರನ್ನು ಹಿಡಿದಿಡುವ ಚೌಕಟ್ಟಾದ ಈಸಲ್‌ನ ಪಟ್ಟಿಯ ಕೆಳಗೆ ಮುಚ್ಚಿಹೋಗಿದ್ದ ಅಂಚು ಹಾಲಿನಂತೆ ಬೆಳ್ಳಗಿರಬೇಕು. ಅದೂ ಬೂದಾಗಿದ್ದರೆ ಪೇಂಟನ್ನು ಬೈಯುವ ಮೊದಲು ಪೇಪರ್ ಮತ್ತು ಡೆವಲಪರ್ ನೋಡಿ. ಇದಕ್ಕೆ ಬೇಕಾದ್ದು ಎರಡು ಬೆರಳಗಲದ ಎರಡು ಪೇಪರ್ ಚೂರು ಮಾತ್ರ.

ರಾತ್ರಿ ಹೊತ್ತು, ಪೇಪರಿಗೆ ಕಾಣದ ಬಣ್ಣದ ದೀಪವಾದ ಸೇಫ್‌ಲೈಟ್ ಕೂಡ ಆರಿಸಿ, ಹೊಳೆಯುವ ಪಟ್ಟಿಗಳ ಮೇಲೆಲ್ಲ ಕಪ್ಪು ಬಟ್ಟೆ ಹಾಕಿ. ಪ್ಯಾಕೆಟ್ಟಿನ ನಡುವಿನಿಂದ ಒಂದು ಹಾಳೆ ತೆಗೆದು ಎರಡು ಚೂರು ಮಾಡಿ. ಮೊದಲನೆಯದನ್ನು ಡೆವಲಪರ್‌ಗೆ ಹಾಕದೆ ನೇರವಾಗಿ ಹೈಪೋಗೆ, ಅಂದರೆ ಚಿತ್ರವನ್ನು ಕಾಯಂ ಮಾಡುವ ದ್ರಾವಣಕ್ಕೆ ಬಿಡಿ. ಎರಡನೆಯದನ್ನು ಎರಡು ನಿಮಿಷ ಡೆವಲಪರ್‌ನಲ್ಲಿಟ್ಟು ಆಮೇಲೆ ಹೈಪೋಗೆ ಹಾಕಿ. ತೊಳೆದು ಒಣಗಿಸಿ, ಬೆಳಗ್ಗೆ ಕಿಟಕಿಯ ಹತ್ತಿರ ಅಕ್ಕಪಕ್ಕ ಹಿಡಿದು ನೋಡಿ. ಹೈಪೋಗೆ ಹೋದ ಚೂರು ಆ ಪೇಪರಿನ ಅಪ್ಪಟ ಬಿಳುಪು. ಎರಡನೆಯದೂ ಅಷ್ಟೇ ಬೆಳ್ಳಗಿದ್ದರೆ ಪೇಪರೂ ಸರಿ, ಡೆವಲಪರೂ ಸರಿ. ಅದು ಬೂದಾಗಿದ್ದರೆ ನಿಮ್ಮ ಪೇಂಟು ನಿರಪರಾಧಿ. ಆ ಚೂರು ಬೆಳಕನ್ನೇ ಕಂಡಿಲ್ಲ ಅಲ್ವಾ?

ಹಾಗಾದಾಗ ಹೆಚ್ಚಾಗಿ ಕಾರಣ ಪೇಪರಿನ ವಯಸ್ಸು. ಮುಚ್ಚಿಹೋದ ಸ್ಟುಡಿಯೋಗಳ ಅಟ್ಟದಿಂದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ 'ಇಂದು' ಬ್ರಾಂಡಿನ ಪೇಪರ್ ಪ್ಯಾಕೆಟ್ ಈಗಲೂ ಆಗೀಗ ಈಚೆ ಬರುತ್ತದೆ. ಕಾರ್ಖಾನೆ ನಿಂತು ವರ್ಷಗಳಾದವು. ಶೀಟಿನ ಮನೆಯ ಅಟ್ಟದಲ್ಲಿ ಅಷ್ಟು ಬೇಸಿಗೆ ಕಳೆದ ಯಾವ ಪೇಪರಾದರೂ ತಾನಾಗಿಯೇ ಮಬ್ಬು ಹಿಡಿಯುತ್ತದೆ. ಇನ್ನೊಂದು ಕಾರಣ ಬಿಸಿ ಡೆವಲಪರ್. ಡೆವಲಪ್ ಮಾಡುವ ನಿಮಿಷಗಳ ಲೆಕ್ಕವೆಲ್ಲ 20 ಡಿಗ್ರಿಗೆ ಹಾಕಿದ್ದು. ಏಪ್ರಿಲ್ ಮಧ್ಯಾಹ್ನ ನಮ್ಮ ಓವರ್‌ಹೆಡ್ ಟ್ಯಾಂಕಿನ ನೀರಿಗೆ ಕೈಯಿಟ್ಟರೆ ಸ್ನಾನದ ನೀರಿನಂತೆ ಇರುತ್ತದೆ. ಮಡಕೆಯ ನೀರು ತುಂಬಿದ ದೊಡ್ಡ ತಟ್ಟೆಯಲ್ಲಿ ಡೆವಲಪರ್ ಟ್ರೇ ಇಡಿ. ಸಾಲದಿದ್ದರೆ ಪಾಲಿಥಿನ್ ಕವರಿಗೆ ಐಸ್ ತುಂಬಿ, ಬಾಯಿ ಬಿಗಿಯಾಗಿ ಕಟ್ಟಿ, ಸುತ್ತಲಿನ ನೀರಿಗೆ ಬಿಡಿ. ಅದನ್ನು ಡೆವಲಪರ್ ಒಳಗೆ ಮಾತ್ರ ಹಾಕಬೇಡಿ.

ದೀಪ ಆರಿಸಿದ ಮೇಲಿನ ಮೊದಲ ಪ್ರಿಂಟ್ ಬೂದು, ಮೂರನೆಯದು ಸರಿ

ಈ ಲಕ್ಷಣ ಕಂಡರೆ ಕಳ್ಳ ಸಿಕ್ಕ ಹಾಗೆಯೇ. ನನ್ನ ಮನೆಯಲ್ಲಿ ನಡೆದದ್ದು ಇದೇ.

ನಾನು ಮಾಡುತ್ತಿದ್ದ ಕೆಲಸ ಹೀಗಿತ್ತು. ಒಂದು ಪ್ರಿಂಟ್ ಹೈಪೋದಲ್ಲಿ ಎರಡು ನಿಮಿಷ ಇದ್ದ ಮೇಲೆ ಟ್ಯೂಬ್‌ಲೈಟ್ ಹಾಕಿ ನೋಡುತ್ತಿದ್ದೆ. ಸರಿಯಾಗಿಲ್ಲ ಅನ್ನಿಸಿದರೆ ದೀಪ ಆರಿಸಿ, ತಕ್ಷಣ ಹೊಸ ಪೇಪರ್ ತೆಗೆಯುತ್ತಿದ್ದೆ. ದೀಪ ಹಾಕಿದಾಗಲೆಲ್ಲ ಪಟ್ಟಿಗಳು ಹೊಟ್ಟೆ ತುಂಬಾ ಬೆಳಕು ಕುಡಿಯುತ್ತಿದ್ದವು. ಆರಿಸಿದ ಮೊದಲ ಒಂದೆರಡು ನಿಮಿಷ ಅವುಗಳ ಹೊಳಪು ತುಂಬಾ ಜಾಸ್ತಿ. ಆಮೇಲೆ ಸರ್ರನೆ ಇಳಿಯುತ್ತದೆ. ಹತ್ತು ನಿಮಿಷಕ್ಕೆ ಮೊದಲಿನ ಚೂರೇ ಚೂರು ಉಳಿದಿರುತ್ತದೆ, ಆ ಚೂರು ಮಾತ್ರ ಗಂಟೆಗಟ್ಟಲೆ ಮಿಣಮಿಣ ಎನ್ನುತ್ತಲೇ ಇರುತ್ತದೆ. ನಾನು ಪೇಪರ್ ತೆಗೆಯುತ್ತಿದ್ದದ್ದು ಅತಿ ಕೆಟ್ಟ ಆ ಎರಡು ನಿಮಿಷದಲ್ಲೇ. ದೀಪ ಹಾಕದೆ ಸಾಲಾಗಿ ಮೂರು ಪ್ರಿಂಟ್ ತೆಗೆದ ದಿನ ಮೂರನೆಯದು ಚೆನ್ನಾಗಿ ಬರುತ್ತಿತ್ತು. ನಾನದನ್ನು ಕೈಗುಣ ಅಂದುಕೊಂಡಿದ್ದೆ.

ಹಳೆಯ ಕಾಲದ ಹೊಳೆಯುವ ಪೇಂಟಿನಲ್ಲಿ ಇರುತ್ತಿದ್ದದ್ದು ತಾಮ್ರದ ಅಂಶ ಬೆರೆಸಿದ ಜಿಂಕ್ ಸಲ್ಫೈಡ್. ಅದು ಬೇಗ ಆರುತ್ತಿತ್ತು. ಜಪಾನಿನ ನೆಮೊಟೊ ಕಂಪನಿ 1993ರಲ್ಲಿ ಸ್ಟ್ರಾನ್ಷಿಯಂ ಅಲ್ಯುಮಿನೇಟ್‌ಗೆ ಯುರೋಪಿಯಂ, ಡಿಸ್ಪ್ರೋಸಿಯಂ ಸೇರಿಸಿದ ಹೊಸ ಬಗೆಯ ಪುಡಿ ತಂದಿತು. ಅದು ಹಳೆಯದಕ್ಕಿಂತ ಎಷ್ಟೋ ಪಟ್ಟು ಹೊಳೆಯುತ್ತದೆ, ರಾತ್ರಿಯಿಡೀ ಹೊಳೆಯುತ್ತದೆ. ಹಳೆಯ ಡಾರ್ಕ್‌ರೂಮ್ ಪುಸ್ತಕಗಳಲ್ಲಿ ಹೊಳೆಯುವ ಪೇಂಟ್ ಬಳಸಬಹುದು ಎಂದು ಓದಿದವರು ಈ ವ್ಯತ್ಯಾಸ ನೆನಪಿಡಬೇಕು. ಅವರು ಹೇಳಿದ ಪೇಂಟು ಬೇರೆ, ಇವತ್ತು ನಿಮ್ಮ ಕೈಯಲ್ಲಿರುವ ಡಬ್ಬಿ ಬೇರೆ.

ಬಣ್ಣದ ಪ್ರಶ್ನೆಯೂ ಇದೆ. ಈ ಪೇಂಟಿನ ಬೆಳಕು ಹಸಿರು, ಸುಮಾರು 520 ನ್ಯಾನೋಮೀಟರ್. ಕತ್ತಲಿಗೆ ಹೊಂದಿಕೊಂಡ ನಮ್ಮ ಕಣ್ಣು ಅತಿ ಚುರುಕಾಗಿರುವುದು 507ರ ಆಸುಪಾಸಿನಲ್ಲಿ. ಹಾಗಾಗಿ ಕಣ್ಣಿಗೆ ಬಹಳ ಹಿತ. ಆದರೆ ಮಲ್ಟಿಗ್ರೇಡ್ ಪೇಪರಿಗೂ ಹಸಿರು ಚೆನ್ನಾಗಿಯೇ ಕಾಣುತ್ತದೆ. ಆ ಪೇಪರ್ ನೀಲಿ ಬೆಳಕಿಗೆ ಗಟ್ಟಿ ಕಾಂಟ್ರಾಸ್ಟ್ (ಕಪ್ಪು ಬಿಳುಪಿನ ಅಂತರ) ಕೊಡುತ್ತದೆ, ಹಸಿರು ಬೆಳಕಿಗೆ ಮೆತ್ತನೆಯದು ಕೊಡುತ್ತದೆ. ಸೇಫ್‌ಲೈಟ್ ಕಿತ್ತಳೆಯೋ ಕೆಂಪೋ ಇರುವುದು ಪೇಪರಿಗೆ ಆ ಬಣ್ಣ ಕಾಣದು ಎಂಬ ಕಾರಣಕ್ಕೆ. ಹಸಿರು ಹೊಳಪು ಅದಕ್ಕೆ ಸರಿಯಾಗಿ ಉಲ್ಟಾ.

ಪರೀಕ್ಷೆಗೆ ಒಂದು ಸುರುಳಿ ಕಪ್ಪು ಇನ್ಸುಲೇಷನ್ ಟೇಪ್ ಸಾಕು. ಎಲ್ಲ ಪಟ್ಟಿಗಳ ಮೇಲೂ ಟೇಪ್ ಅಂಟಿಸಿ ಒಂದು ಪ್ರಿಂಟ್ ತೆಗೆಯಿರಿ. ಟೇಪ್ ಕಿತ್ತು, ಐದು ನಿಮಿಷ ಬಿಳಿ ದೀಪ ಹಾಕಿ ಆರಿಸಿ, ಅದೇ ನೆಗೆಟಿವ್, ಅದೇ ಸೆಕೆಂಡು ಇಟ್ಟು ಇನ್ನೊಂದು ತೆಗೆಯಿರಿ. ದೀಪ ಹಾಕುವಾಗ ಪೇಪರ್ ಪ್ಯಾಕೆಟ್ ಮುಚ್ಚಿದೆಯೇ ಅಂತ ಎರಡು ಸಲ ನೋಡಿ. ಎರಡು ಪ್ರಿಂಟಿಗೂ ವ್ಯತ್ಯಾಸ ಕಂಡರೆ ತೀರ್ಪು ಸಿಕ್ಕಿತು.

ಪರಿಹಾರ ಮೂರು ಬಗೆ. ದೀಪ ಆರಿಸಿ ಹತ್ತು ಹದಿನೈದು ನಿಮಿಷ ಸುಮ್ನೆ ಕೂರಬಹುದು, ಆದರೆ ಯಾರೂ ಕೂರುವುದಿಲ್ಲ. ಪ್ರಿಂಟನ್ನು ನೀರಿನ ಬಕೆಟ್ಟಿನಲ್ಲಿ ಹಾಕಿ ವರಾಂಡಕ್ಕೆ ತಂದು ನೋಡಬಹುದು. ನಾನೀಗ ಮಾಡುವುದು ಅದನ್ನೇ. ಮೂರನೆಯದು, ಒಳಗಿನ ಬಿಳಿ ದೀಪಕ್ಕೆ ಟ್ಯೂಬ್ ಬದಲು ಹಳೆಯ ಹಳದಿ ಬಲ್ಬ್ ಹಾಕುವುದು. ಫಿಲಮೆಂಟ್ ಬಲ್ಬಿನ ಬೆಳಕಿನಲ್ಲಿ ನೀಲಿ, ನೇರಳೆ ಕಡಿಮೆ. ಹಾಗಾಗಿ ಪೇಂಟಿಗೆ ಸಿಗುವ ಮೇವೂ ಕಡಿಮೆ.

ಕರೆಂಟ್ ಹೋದಾಗ ಜಾಗ್ರತೆ. ಮೊಬೈಲ್ ಟಾರ್ಚ್ ಹಿಡಿದು ಒಳಗೆ ಏನೋ ಹುಡುಕಿರುತ್ತೇವೆ, ಕರೆಂಟ್ ಬಂದ ತಕ್ಷಣ ಕೆಲಸ ಮುಂದುವರಿಸುತ್ತೇವೆ. ಆ ಟಾರ್ಚಿನ ಬಿಳಿ ಎಲ್‌ಇಡಿ ಹತ್ತಿರದಿಂದ ಬಿದ್ದರೆ ಅರ್ಧ ನಿಮಿಷದಲ್ಲೇ ಪಟ್ಟಿ ತುಂಬುತ್ತದೆ.

ಅಂಚು ಬೆಳ್ಳಗಿದೆ, ಚಿತ್ರದೊಳಗಿನ ಬಿಳಿ ಮಾತ್ರ ಸತ್ತಿದೆ

ಬಹಳ ಜನ ಎಡವುವುದು ಇಲ್ಲೇ. ಅಂಚು ಬೆಳ್ಳಗಿದೆ, ಹಾಗಾದರೆ ಬೆಳಕಿನ ದೋಷವಿಲ್ಲ ಎಂದುಕೊಳ್ಳುತ್ತಾರೆ. ನಾಣ್ಯದ ಪರೀಕ್ಷೆಯನ್ನೂ ಮಾಡಿರುತ್ತಾರೆ. ಹೊಸ ಪೇಪರಿನ ಮೇಲೆ ಹತ್ತು ರೂಪಾಯಿ ನಾಣ್ಯ ಇಟ್ಟು, ಐದು ನಿಮಿಷ ಬಿಟ್ಟು, ಡೆವಲಪ್ ಮಾಡಿದರೆ ನಾಣ್ಯದ ಗುರುತು ಬಂದಿರುವುದಿಲ್ಲ. ಎಲ್ಲ ಸರಿ ಎಂದು ಮುಂದೆ ಹೋಗುತ್ತಾರೆ.

ಪೇಪರಿಗೆ ಒಂದು ಹೊಸ್ತಿಲು ಇದೆ. ಸ್ವಲ್ಪ ಬೆಳಕು ಬಿದ್ದರೆ ಅದು ಒಳಗೇ ಇಟ್ಟುಕೊಳ್ಳುತ್ತದೆ, ಹೊರಗೆ ಏನೂ ತೋರಿಸುವುದಿಲ್ಲ. ಹೊಸ್ತಿಲು ದಾಟಿದ ಮೇಲೆಯೇ ಬೂದು ಕಾಣುವುದು. ಹೊಸ ಪೇಪರಿನ ಮೇಲೆ ಹಸಿರು ಹೊಳಪು ಅರ್ಧ ದಾರಿ ಬಂದು ನಿಂತಿರಬಹುದು, ಅದು ನಿಮಗೆ ಗೊತ್ತಾಗುವುದಿಲ್ಲ. ಆದರೆ ಎನ್‌ಲಾರ್ಜರಿನ ಬೆಳಕು ಅದರ ಮೇಲೆ ಬಿದ್ದಾಗ ಎರಡೂ ಕೂಡಿಕೊಳ್ಳುತ್ತವೆ. ಮೋಡದ ತೆಳು ಭಾಗ, ಬಿಳಿ ಪಂಚೆಯ ಮಡಿಕೆ, ಮದುವೆ ಹೆಣ್ಣಿನ ಮಲ್ಲಿಗೆ ದಂಡೆ, ಇವುಗಳಿಗೆ ಎನ್‌ಲಾರ್ಜರಿನಿಂದ ಸಿಗುವ ಬೆಳಕು ಹೊಸ್ತಿಲ ಹತ್ತಿರದ್ದೇ. ಮೊದಲು ಸಾಯುವುದೂ ಅವೇ. ಈಸಲ್ ಪಟ್ಟಿಯ ಕೆಳಗಿನ ಅಂಚಿಗೆ ಎನ್‌ಲಾರ್ಜರ್ ಬೆಳಕು ಇಲ್ಲ, ಅಲ್ಲಿ ಬಿಳುಪು ಹಾಗೇ ಉಳಿಯುತ್ತದೆ.

ಹಾಗಾಗಿ ಪರೀಕ್ಷೆಯ ಪೇಪರಿಗೆ ಮೊದಲೇ ಸ್ವಲ್ಪ ಬೆಳಕು ಕೊಟ್ಟಿರಬೇಕು. ನಾನು ಮಾಡುವುದು ಹೀಗೆ. ಪಟ್ಟಿಗಳ ಮೇಲೆ ಕಪ್ಪು ಬಟ್ಟೆ ಇರಲಿ, ಸೇಫ್‌ಲೈಟ್ ಆರಿರಲಿ. ನೆಗೆಟಿವ್ ಇಲ್ಲದೆ, ಲೆನ್ಸಿನ ಕಿಂಡಿ ಪೂರ್ತಿ ಕಿರಿದು ಮಾಡಿ, ರಟ್ಟು ಸರಿಸುತ್ತಾ ಒಂದೊಂದು ಸೆಕೆಂಡು ಹೆಚ್ಚುವ ಮೆಟ್ಟಿಲು ಹಾಕಿ ಒಂದು ಚೂರು ಡೆವಲಪ್ ಮಾಡಿ. ಬೂದಿಯ ನೀರಿನಂಥ ತೆಳು ಬಣ್ಣ ಎಷ್ಟು ಸೆಕೆಂಡಿಗೆ ಬರುತ್ತದೆ ನೋಡಿಕೊಳ್ಳಿ. ಒಂದು ಪೂರ್ತಿ ಹಾಳೆಗೆ ಅಷ್ಟೇ ಬೆಳಕು ಕೊಟ್ಟು ಕಪ್ಪು ಕವರಿಗೆ ಹಾಕಿ ಮುಚ್ಚಿ. ಈಗ ಬಟ್ಟೆ ತೆಗೆದು, ಬಿಳಿ ದೀಪ ಐದು ನಿಮಿಷ ಹಾಕಿ, ಪಟ್ಟಿಗಳನ್ನು ತುಂಬಿಸಿ. ದೀಪ ಆರಿಸಿ. ಕೆಲಸದ ದಿನ ನೀವು ಎಷ್ಟು ಹೊತ್ತು ಕಾಯುತ್ತೀರೋ ಅಷ್ಟೇ ಹೊತ್ತು ಕಾಯಿರಿ, ಹೆಚ್ಚು ಬೇಡ. ಆ ಹಾಳೆಯನ್ನು ಈಸಲ್ ಮೇಲೆ ಇಟ್ಟು, ಕಾಲು ಭಾಗವನ್ನು ದಪ್ಪ ರಟ್ಟಿನಿಂದ ಮುಚ್ಚಿ. ಎರಡು ನಿಮಿಷವಾದ ಮೇಲೆ ರಟ್ಟನ್ನು ಅರ್ಧದವರೆಗೆ ಸರಿಸಿ. ನಾಲ್ಕನೇ ನಿಮಿಷಕ್ಕೆ ಮುಕ್ಕಾಲು. ಎಂಟಕ್ಕೆ ನಿಲ್ಲಿಸಿ. ಪಟ್ಟಿಗಳಿಗೆ ಮತ್ತೆ ಬಟ್ಟೆ ಹಾಕಿ, ಎಂದಿನಷ್ಟು ಹೊತ್ತು ಡೆವಲಪ್ ಮಾಡಿ.

ಒಣಗಿದ ಹಾಳೆಯಲ್ಲಿ ನಾಲ್ಕು ಕಾಲುಗಳು. ಮೊದಲನೆಯದಕ್ಕೆ ಹೊಳಪು ಬಿದ್ದೇ ಇಲ್ಲ. ಉಳಿದವಕ್ಕೆ ಎರಡು, ನಾಲ್ಕು, ಎಂಟು ನಿಮಿಷ ಬಿದ್ದಿದೆ. ನಾಲ್ಕೂ ಒಂದೇ ಬಣ್ಣವಿದ್ದರೆ ನಿಮ್ಮ ಪೇಂಟು ಆ ಜಾಗದಲ್ಲಿ ಇರಬಹುದು, ಕಿತ್ತುಹಾಕುವ ಅಗತ್ಯವಿಲ್ಲ. ಎಂಟರದು ಮಾತ್ರ ಕಪ್ಪಾಗಿದ್ದರೆ ಪೇಪರನ್ನು ಎರಡು ನಿಮಿಷಕ್ಕಿಂತ ಹೆಚ್ಚು ಹೊರಗಿಡಬೇಡಿ. ಎರಡರದ್ದೇ ಕಪ್ಪಾಗಿದ್ದರೆ ಪಟ್ಟಿ ತೆಗೆಯಲೇಬೇಕು. ನನ್ನ ಹಾಳೆಯಲ್ಲಿ ಎರಡರ ಕಾಲೇ ಹೊಗೆ ಹಿಡಿದಂತಿತ್ತು. ಅದನ್ನು ಈಗಲೂ ಗೋಡೆಗೆ ಅಂಟಿಸಿಕೊಂಡಿದ್ದೇನೆ.

ಇದೇ ಪರೀಕ್ಷೆಯನ್ನು ಪಟ್ಟಿ ಮುಚ್ಚಿ, ಸೇಫ್‌ಲೈಟ್ ಹಾಕಿ ಇನ್ನೊಮ್ಮೆ ಮಾಡಿ. ಎಷ್ಟೋ ಸಲ ದೋಷ ಅಲ್ಲಿರುತ್ತದೆ. ಸುಮ್ನೆ ಕೆಂಪು ಬಣ್ಣ ಬಳಿದ ಬಲ್ಬ್ ಸೇಫ್‌ಲೈಟ್ ಅಲ್ಲ. ಸರಿಯಾದ ಫಿಲ್ಟರ್ ಇದ್ದರೂ 15 ವ್ಯಾಟ್ ಬಲ್ಬ್, ಪೇಪರಿನಿಂದ ನಾಲ್ಕು ಅಡಿ ದೂರ ಎಂಬುದು ಹಳೆಯ ಲೆಕ್ಕ.

ಒಂದೇ ಬದಿ ಮಬ್ಬು, ಇಲ್ಲವೇ ಅಲ್ಲಲ್ಲಿ ಕಪ್ಪು ಚುಕ್ಕೆ

ಒಂದೇ ಬದಿ ಮಬ್ಬಿದ್ದರೆ ಬೆಳಕು ಆ ಕಡೆಯಿಂದ ಬಂದಿದೆ ಎಂದು ಅರ್ಥ. ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ಬಾಣ ಹಾಕಿ, ಯಾವ ಬದಿ ಗೋಡೆಯ ಕಡೆಗಿತ್ತು ಎಂದು ಗುರುತಿಟ್ಟುಕೊಳ್ಳಿ. ಮುಂದಿನ ಹಾಳೆಯನ್ನು ತಿರುಗಿಸಿ ಇಡಿ. ಮಬ್ಬು ಗೋಡೆಯ ಕಡೆಯೇ ಉಳಿದರೆ ಆ ಕಡೆ ಏನಿದೆ ನೋಡಿ. ಹಾಳೆಯ ಜೊತೆ ತಿರುಗಿದರೆ ಪ್ಯಾಕೆಟ್ಟಿನಲ್ಲಿಯೇ ಬೆಳಕು ಬಿದ್ದಿದೆ.

ಚಿಕ್ಕ ಚುಕ್ಕೆಯಾದರೆ ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಒಂದು ಅಡಿಯಲ್ಲಿದ್ದ ಗುರುತನ್ನು ನಾಲ್ಕು ಅಡಿಗೆ ಒಯ್ದರೆ ಹದಿನಾರನೆಯ ಒಂದು ಪಾಲು. ಕೆಲವೊಮ್ಮೆ ಅಷ್ಟೇ ಸಾಕಾಗುತ್ತದೆ.

ಸಾಸಿವೆಯಂಥ ಕಪ್ಪು ಚುಕ್ಕೆಗಳು ಬೇರೆ ಕಥೆ ಹೇಳುತ್ತವೆ. ಪೇಂಟು ಒಣಗಿ, ಬಿರುಕು ಬಿಟ್ಟು, ಚಕ್ಕೆ ಉದುರುತ್ತಿದೆ. ಆ ಚಕ್ಕೆ ಪೇಪರಿನ ಮೇಲೆ ನೇರವಾಗಿ ಕೂತರೆ ಎಷ್ಟು ಸಣ್ಣದಾದರೂ ಸುಡುತ್ತದೆ. ಎನ್‌ಲಾರ್ಜರಿನ ತಲೆಯ ಮೇಲೆ ಬಳಿದವರಿಗೆ ಇದು ಖಂಡಿತ ಬರುತ್ತದೆ, ತಲೆ ಮೇಲೆ ಕೆಳಗೆ ಓಡಾಡುವ ವಸ್ತು. ಕತ್ತಲಲ್ಲಿ ಹಲಗೆಯನ್ನು ನೋಡಿದರೆ ಉದುರಿದ ಚಕ್ಕೆಗಳು ತಾವೇ ಹೊಳೆದು ತೋರಿಸಿಕೊಡುತ್ತವೆ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಒಣ ಮರಳು ಕಾಗದದಿಂದ ಉಜ್ಜಬೇಡಿ. ಈ ಪುಡಿಯಲ್ಲಿ ವಿಕಿರಣವಿಲ್ಲ, ಆದರೆ ಯಾವ ಸಣ್ಣ ಪುಡಿಯೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮಾಸ್ಕ್ ಹಾಕಿ, ಕೈ ತೊಳೆಯಿರಿ.

ರೀಲು ತೊಳೆದಾಗ ನೆಗೆಟಿವ್ ಪೂರ್ತಿ ಮಬ್ಬು

ಇಲ್ಲಿ ಪರೀಕ್ಷೆ, ಲೆಕ್ಕ, ಚೌಕಾಸಿ ಏನೂ ಇಲ್ಲ. ರೀಲನ್ನು, ಅಂದರೆ ಫಿಲ್ಮನ್ನು, ತೊಳೆಯುವ ಟ್ಯಾಂಕಿನ ಸುರುಳಿಗೆ ಹಾಕುವಾಗ ಯಾವ ಹೊಳಪೂ ಕಣ್ಣಿಗೆ ಬೀಳಬಾರದು. 400 ಐಎಸ್‌ಒ ಕಪ್ಪು ಬಿಳುಪು ಫಿಲ್ಮು ಪೇಪರಿಗಿಂತ ನೂರಾರು ಪಟ್ಟು ಚುರುಕು, ಅದಕ್ಕೆ ಎಲ್ಲ ಬಣ್ಣವೂ ಕಾಣುತ್ತದೆ. ಪೇಪರಿಗೆ ಏನೂ ಮಾಡದ ಪಟ್ಟಿ ರೀಲನ್ನು ಒಂದು ನಿಮಿಷದಲ್ಲಿ ಹಾಳು ಮಾಡಬಹುದು.

ದೋಷ ಎಲ್ಲಿಯದು ಎಂದು ನೆಗೆಟಿವ್ ಅಂಚೇ ಹೇಳುತ್ತದೆ. ಮಬ್ಬು ಚಿತ್ರದ ಚೌಕಟ್ಟಿನೊಳಗೆ ಮಾತ್ರ ಇದ್ದು ಅಂಚು ಸ್ವಚ್ಛವಾಗಿದ್ದರೆ ಕ್ಯಾಮೆರಾ ಅಥವಾ ಎದುರು ಬಿಸಿಲು ಕಾರಣ. ಪ್ರತಿ ಚಿತ್ರದಲ್ಲೂ ಒಂದೇ ಜಾಗದಿಂದ ಪಟ್ಟೆ ಒಳಗೆ ಬಂದಿದ್ದರೆ ಕ್ಯಾಮೆರಾದ ಹಿಂಬಾಗಿಲಿನ ಸ್ಪಂಜು ಸವೆದಿದೆ. ಚೌಕಟ್ಟಿನ ಲೆಕ್ಕವೇ ಇಲ್ಲದೆ ಅಂಚಿನ ತೂತುಗಳವರೆಗೂ ಹಬ್ಬಿದ್ದರೆ, ಒಂದು ಸುತ್ತಿನ ತೂತುಗಳ ನೆರಳು ಇನ್ನೊಂದು ಸುತ್ತಿನ ಮೇಲೆ ಬಿದ್ದಿದ್ದರೆ, ಅದು ಡಾರ್ಕ್‌ರೂಮಿನಲ್ಲಿ ಆದದ್ದು. ಲೋಡ್ ಮಾಡುವಾಗ ಹೊರಗೆ ಜೋತುಬಿದ್ದಿದ್ದ ಭಾಗದಲ್ಲಿ ಜಾಸ್ತಿ ಇರುತ್ತದೆ.

ಕೋಣೆಯಲ್ಲಿ ಪಟ್ಟಿಗಳಿದ್ದರೆ ಬೆಳಕು ತೂರದ, ಕೈ ಹಾಕಲು ತೋಳುಗಳಿರುವ ಚೇಂಜಿಂಗ್ ಬ್ಯಾಗ್ ಬಳಸಿ. ಕೈಗಡಿಯಾರ ಬಿಚ್ಚಿ ಒಳಗೆ ಕೈ ಹಾಕಿ. ನಮ್ಮೂರಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಇತ್ತಲ್ಲ, ಬಹಳ ಮನೆಗಳಲ್ಲಿ ತಂದೆಯೋ ತಾತನೋ ಕಟ್ಟುತ್ತಿದ್ದ ವಾಚು ಇನ್ನೂ ಓಡುತ್ತಿದೆ. ಪೈಲಟ್‌ನಂಥ ಮಾದರಿಗಳಲ್ಲಿ ಮುಳ್ಳುಗಳಿಗೆ ಹೊಳೆಯುವ ಬಣ್ಣವಿದೆ. ಬ್ಯಾಗಿನೊಳಗೆ ಫಿಲ್ಮಿನಿಂದ ನಾಲ್ಕು ಬೆರಳು ದೂರದಲ್ಲಿ ಅದು ಇರುವುದು ಒಳ್ಳೆಯದಲ್ಲ. ಫಿಲ್ಮ್ ಟ್ಯಾಂಕಿನ ಮುಚ್ಚಳ ಬಿಗಿಯಾದ ಮೇಲೆ ಯಾವ ಚಿಂತೆಯೂ ಇಲ್ಲ.

ಪಟ್ಟಿ ಮುಚ್ಚಿದರೂ ಮಬ್ಬು ಹೋಗುತ್ತಿಲ್ಲ

ಬಾಗಿಲು ಹಾಕಿ, ಎಲ್ಲ ಆರಿಸಿ, ಹತ್ತು ನಿಮಿಷ ಕುರ್ಚಿಯಲ್ಲಿ ಕೂರಿ. ಆಗುವುದಾದರೆ ಇಪ್ಪತ್ತು. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು ಅಷ್ಟು ಹೊತ್ತು ಬೇಕು. ಮೊದಲ ನಿಮಿಷದಲ್ಲಿ ಕಾಣದ ಎಷ್ಟೋ ದೀಪಗಳು ಆಮೇಲೆ ಎದ್ದು ಬರುತ್ತವೆ. ನನಗೆ ಕಂಡದ್ದು: ಸ್ವಿಚ್‌ಬೋರ್ಡಿನ ಕೆಂಪು ಇಂಡಿಕೇಟರ್, ಸ್ಟೆಬಿಲೈಜರಿನ ಹಸಿರು ಎಲ್‌ಇಡಿ, ಬಾಗಿಲ ಕೆಳಗಿನ ಗೆರೆ, ಎಕ್ಸಾಸ್ಟ್ ಫ್ಯಾನಿನ ರೆಕ್ಕೆಗಳ ನಡುವೆ ಬೀದಿ ದೀಪ. ಎಲ್ಲಕ್ಕಿಂತ ಆಶ್ಚರ್ಯವಾದದ್ದು ಆರಿಸಿದ ಟ್ಯೂಬ್‌ಲೈಟ್. ಅದರ ಒಳಗಿನ ಬಿಳಿ ಪುಡಿಯೂ ಸ್ವಲ್ಪ ಬೆಳಕು ಹಿಡಿದಿಟ್ಟುಕೊಳ್ಳುತ್ತದೆ, ಕೆಲವು ನಿಮಿಷ ಮಂಕಾಗಿ ಹೊಳೆಯುತ್ತದೆ. ಇಂಡಿಕೇಟರ್ ಇರುವ ಸ್ವಿಚ್ಚಿಗೆ ಜೋಡಿಸಿದ ಎಲ್‌ಇಡಿ ಬಲ್ಬ್ ಆರಿಸಿದ ಮೇಲೂ ಮಿಣುಕುವುದುಂಟು.

ಇಂಡಿಕೇಟರ್ ಮೇಲೆ ಕಪ್ಪು ಟೇಪ್ ಹಚ್ಚಿದರೆ ಸಾಕು. ಬೋರ್ಡ್ ಬಿಚ್ಚಬೇಡಿ.

ಪೇಂಟ್ ಹೊಳೆಯುತ್ತಲೇ ಇಲ್ಲ

ಡಬ್ಬಿಯ ತಳದಲ್ಲಿ ಪುಡಿ ಕೂತಿರುತ್ತದೆ, ಕಡ್ಡಿ ಹಾಕಿ ಚೆನ್ನಾಗಿ ಕಲಸಿ. ಕೆಳಗೆ ಬಿಳಿ ಬಣ್ಣದ ಒಂದು ಕೋಟ್ ಇರಲಿ, ಕಪ್ಪು ಮರದ ಮೇಲೆ ಬಳಿದರೆ ಅರ್ಧ ಬೆಳಕು ಮರವೇ ನುಂಗುತ್ತದೆ. ಸೇಫ್‌ಲೈಟಿನ ಕೆಳಗೆ ಇದು ತುಂಬಿಕೊಳ್ಳುವುದಿಲ್ಲ, ಬಿಳಿ ದೀಪವೋ ಬಿಸಿಲೋ ಬೇಕು. ಬಚ್ಚಲಿನ ತೇವವೂ ಶತ್ರು. ಸ್ಟ್ರಾನ್ಷಿಯಂ ಅಲ್ಯುಮಿನೇಟ್ ನೀರು ತಾಗಿದರೆ ಕೆಡುತ್ತದೆ. ಒಣಗಿದ ಮೇಲೆ ಬಣ್ಣವಿಲ್ಲದ ವಾರ್ನಿಷ್ ಒಂದು ಕೈ ಹೊಡೆಯಿರಿ. ಮೇಲೆ ಕೆಂಪು ಜಿಲೆಟಿನ್ ಅಂಟಿಸಿ ಸೇಫ್ ಮಾಡುತ್ತೇನೆ ಎಂದರೆ ಆಗದು. ಹಸಿರು ಬೆಳಕು ಕೆಂಪಿನಲ್ಲಿ ಹಾದು ಬರುವುದೇ ಇಲ್ಲ ಅನ್ನಬಹುದು, ಕಣ್ಣಿಗೂ ಏನೂ ಕಾಣುವುದಿಲ್ಲ.

ಥಿನ್ನರ್ ಬೆರೆಸುವ ಪೇಂಟಾದರೆ ಬಾಗಿಲು, ಕಿಟಕಿ, ಫ್ಯಾನು ಎಲ್ಲ ತೆರೆದಿರಲಿ. ಎರಡು ದಿನ ಪೇಪರ್, ಫಿಲ್ಮು ಒಳಗೆ ತರಬೇಡಿ.

ಕೆಲಸ ನಿಲ್ಲಿಸಿ ಹೊರಗೆ ಬರಬೇಕಾದ ಲಕ್ಷಣಗಳು

ನಮ್ಮ ಊರುಗಳಲ್ಲಿ ಬಚ್ಚಲೇ ಡಾರ್ಕ್‌ರೂಮ್ ಆಗುವುದು ಹೆಚ್ಚು. ಅಲ್ಲಿ ಗ್ಯಾಸ್ ಗೀಸರ್ ಇದ್ದರೆ ದಯವಿಟ್ಟು ಬೇರೆ ಜಾಗ ನೋಡಿ. ಬೆಳಕು ಬರದಂತೆ ಸಂದಿಗಳನ್ನೆಲ್ಲ ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ. ತಲೆನೋವು, ವಾಕರಿಕೆ, ಕಾಲು ಸೋತಂತೆ ಆದರೆ ಪ್ರಿಂಟು ಟ್ರೇನಲ್ಲೇ ಇರಲಿ, ಬಾಗಿಲು ತೆರೆದು ಹೊರಗೆ ಬಂದು ಯಾರನ್ನಾದರೂ ಕೂಗಿ, ಆಸ್ಪತ್ರೆಗೆ ಹೋಗಿ. ಥಿನ್ನರ್ ಆವಿ ಇರುವಾಗ ಗೀಸರಿನೊಳಗಿನ ಸಣ್ಣ ಪೈಲಟ್ ಉರಿ ಇದ್ದರೆ ಬೆಂಕಿಯೇ ಹತ್ತಬಹುದು. ಗೀಸರ್ ಇಲ್ಲದಿದ್ದರೂ ಗಾಳಿ ಆಡಬೇಕು.

ಹಳೆಯ ಕಬ್ಬಿಣದ ಎನ್‌ಲಾರ್ಜರ್ ಮುಟ್ಟಿದಾಗ ಕೈ ಜುಮ್ ಎಂದರೆ ಅದು ಅರ್ಥಿಂಗ್ ಇಲ್ಲದ ಗುರುತು. ಒದ್ದೆ ನೆಲ, ಒದ್ದೆ ಕೈ. ಎನ್‌ಲಾರ್ಜರನ್ನೋ ಅದರ ಪ್ಲಗ್ಗನ್ನೋ ಮುಟ್ಟದೆ ಹೊರಗಿನ ಮೇನ್ ಆರಿಸಿ, ಎಲೆಕ್ಟ್ರಿಷಿಯನ್ ಕರೆಸಿ. ಮೂರು ಪಿನ್ ಪ್ಲಗ್ ಮತ್ತು ಕರೆಂಟ್ ಸೋರಿದರೆ ತಾನೇ ಆರುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸುವವರೆಗೂ ಆ ಕೋಣೆಗೆ ಹೋಗಬೇಡಿ.

ಇನ್ನು ಹಳೆಯ ಗಡಿಯಾರ. ಡಾರ್ಕ್‌ರೂಮಿಗೆಂದು ಯಾರೋ ಗುಜರಿಯಿಂದ ತಂದ ಹಳೆಯ ವಿದೇಶಿ ಅಲಾರಂ, ಅಂಕಿಗಳು ಕಂದು ಹಳದಿ, ಬೆಳಕು ತೋರಿಸಿದರೂ ಹೊಳೆಯುವುದಿಲ್ಲ. 1960ರ ದಶಕದವರೆಗೂ ಇಂಥವುಗಳಲ್ಲಿ ನಿಜವಾದ ರೇಡಿಯಂ ಬಳಸುತ್ತಿದ್ದರು. ಹೊಳಪು ಸತ್ತದ್ದು ಅದರೊಳಗಿನ ಜಿಂಕ್ ಸಲ್ಫೈಡ್ ಸವೆದದ್ದರಿಂದ. ರೇಡಿಯಂ ಅಲ್ಲೇ ಇದೆ, ಅದು ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು. ಗಾಜು ತೆಗೆಯಬೇಡಿ, ಕೆರೆಯಬೇಡಿ, ಮೇಲೆ ಹೊಸ ಪೇಂಟ್ ಬಳಿಯಬೇಡಿ. ಅಮೆರಿಕದಲ್ಲಿ 1920ರ ದಶಕದಲ್ಲಿ ಇಂಥ ಅಂಕಿಗಳನ್ನು ಬರೆಯುತ್ತಿದ್ದ ಹೆಣ್ಣುಮಕ್ಕಳಲ್ಲಿ ಹಲವರು ಕುಂಚವನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ದವಡೆ ಕೊಳೆತು ಸತ್ತರು. ಗಾಜು ಒಡೆದಿದ್ದರೆ ಎರಡು ಕವರಿನಲ್ಲಿ ಸುತ್ತಿ, ಮಕ್ಕಳಿಗೆ ಸಿಗದ ಕಡೆ ಇಡಿ. ನಮ್ಮ ದೇಶದಲ್ಲಿ ವಿಕಿರಣದ ವಸ್ತುಗಳ ಉಸ್ತುವಾರಿ ಅಣುಶಕ್ತಿ ನಿಯಂತ್ರಣ ಮಂಡಳಿಯದು, ಅವರನ್ನೇ ಕೇಳಿ. ಗುಜರಿಗೆ ವಾಪಸ್ ಹಾಕಬೇಡಿ.

ಮತ್ತೆ ಬಳಿಯುವುದಾದರೆ

ನಾನು ಪೇಂಟನ್ನು ಪೂರ್ತಿ ಬಿಟ್ಟಿಲ್ಲ. ಬೆರಳಗಲದ ಪಟ್ಟಿಗಳು ಹೋದವು, ಕಡಲೆಬೇಳೆಯಷ್ಟು ಮೂರು ಚುಕ್ಕೆ ಉಳಿದವು. ಒಂದು ಬಾಗಿಲ ಚಿಲಕದ ಪಕ್ಕ. ಒಂದು ಸ್ವಿಚ್ಚಿನ ಕೆಳಗೆ. ಇನ್ನೊಂದು ಆ ಬಕೆಟ್ಟಿನ ಹಿಡಿಯ ಮೇಲೆ, ಹಲಗೆಗಿಂತ ಕೆಳಗೆ, ಈಸಲ್‌ಗೆ ಕಾಣದ ಹಾಗೆ. ಮೂರನ್ನೂ ರಟ್ಟಿನ ಪರೀಕ್ಷೆಗೆ ಒಡ್ಡಿದೆ, ಎಂಟು ನಿಮಿಷಕ್ಕೂ ನಾಲ್ಕು ಕಾಲೂ ಒಂದೇ ಬಣ್ಣ. ರೀಲು ಹಾಕುವ ದಿನ ಅವುಗಳ ಮೇಲೂ ಟೇಪ್.

ಉಳಿದ ಗುರುತುಗಳನ್ನು ಬೆರಳಿಗೆ ಒಪ್ಪಿಸಿದೆ. ಡೆವಲಪರಿನ ಇಕ್ಕಳಕ್ಕೆ ಒಂದು ರಬ್ಬರ್ ಬ್ಯಾಂಡ್, ಹೈಪೋದ ಇಕ್ಕಳಕ್ಕೆ ಎರಡು. ಹಲಗೆಯ ಅಂಚಿನಲ್ಲಿ ಪ್ರತಿ ಟ್ರೇ ಎದುರು ಗುಂಡು ತಲೆಯ ಮೊಳೆ. ಎನ್‌ಲಾರ್ಜರಿನ ತಲೆಯ ಪಟ್ಟಿ ಕೆರೆದ ಜಾಗಕ್ಕೆ ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದೇನೆ. ಕತ್ತಲಲ್ಲಿ ಹಣೆ ತಾಗಿದರೂ ಈಗ ನೋಯುವುದಿಲ್ಲ.